ಮಾವನ ಸಿಟ್ಟು, ದೇವರ ಸಿಟ್ಟು

ನಮ್ಮ ಸೋದರಮಾವನಷ್ಟು ಅನುಮಾನದ ಪ್ರಾಣಿ ಗುಂಡ್ಲುಪೇಟೆಯಲ್ಲಿ ಇನ್ನೊಂದಿರಲಿಲ್ಲ. ನಯಾಪೈಸೆ ಹೊಸದಾಗಿ ಬಂದಾಗ ಕಚ್ಚಿ ನೋಡಿ ಹಲ್ಲು ಮುರಿದುಕೊಂಡವರು! ಈರುಳ್ಳಿ ವ್ಯಾಪಾರಿ, ಮೂಟೆಯನ್ನು ತಳದವರೆಗೆ ಸುರಿಸದೆ ಕೊಂಡವರಲ್ಲ. ಊಟಕ್ಕೆ ಕೂತರೆ ಮುದ್ದೆಯನ್ನೂ ಬಿಡಿಸಿ ನೋಡಿಯೇ ನುಂಗುತ್ತಿದ್ದರು. ಅಂಥವರು ದೇವರನ್ನು ಬಿಟ್ಟಾರೆಯೇ?

ಅಲ್ಲಿ ಮೇಷ್ಟ್ರಾಗಿದ್ದ ನಾನು ಅವರ ಮನೆಯಲ್ಲೇ ಇದ್ದೆ. ನನ್ನ ಅಮ್ಮ, ಅಂದರೆ ಅವರ ಒಬ್ಬಳೇ ತಂಗಿ, ಇದ್ದದ್ದು ಚಾಮರಾಜನಗರದಲ್ಲಿ. ಐದು ವರ್ಷದಿಂದ ಅಣ್ಣ ತಂಗಿಗೆ ಮಾತಿಲ್ಲ. ಕಾರಣ? ಹೊಸಮನೆ ಒಕ್ಕಲಿಗೆ ಅಮ್ಮ ತಾನೇ ಬಂದು ಎಲೆ ಅಡಿಕೆ ಕೊಟ್ಟು ಕರೆಯದೆ, ಬಸ್ ಕಂಡಕ್ಟರನ ಕೈಲಿ ಹೇಳಿಕಳಿಸಿದ್ದು! ಈಗ ನನ್ನ ತಂಗಿಯ ಮದುವೆ ಗೊತ್ತಾಗಿತ್ತು. ಅವಳನ್ನು ಹಸೆಮಣೆಗೆ ಕರೆತರಬೇಕಾದವರು ಸೋದರಮಾವ. ಅಮ್ಮ ಖುದ್ದಾಗಿ ಬಂದರೂ ಮಾವ ಕೋಣೆಯಿಂದ ಹೊರಗೆ ಬರಲಿಲ್ಲ. ಎಲೆ ಅಡಿಕೆಯನ್ನು ಹೊಸ್ತಿಲ ಮೇಲಿಟ್ಟು, ಕಣ್ಣೊರೆಸಿಕೊಂಡು ಹೊರಟುಹೋದಳು.

ಆ ವಾರವೇ ಸಂತೆಯಲ್ಲಿ ಪಾದ್ರಿಯೊಬ್ಬರು ಮಾವನಿಗೆ ಯೆಹೂದ್ಯರ ಹಳೆಯ ಶಾಸ್ತ್ರದ ಕನ್ನಡ ಪುಸ್ತಕ ಕೊಟ್ಟರು. ಮೋಸ ಎಲ್ಲಿದೆ ಎಂದು ಕಂಡುಹಿಡಿಯಲೆಂದೇ ಓದತೊಡಗಿದ ಮಾವನಿಗೆ ಆ ದೇವರ ಕೋಪ ಬಹಳ ಹಿಡಿಸಿಬಿಟ್ಟಿತು.

“ನೋಡ್ಲಾ, ದೇವ್ರೇ ಇಷ್ಟು ಸಿಟ್ಟು ಮಡಿಕ್ಕಂಡವ್ನೆ. ನಾನು ಐದೊರ್ಸ ಮಡಿಕ್ಕಂಡ್ರೆ ತಪ್ಪಾ?”

ತಪ್ಪು ಎನ್ನಲು ನನಗೇನು ಎರಡು ತಲೆಯೇ?

ಹೀಗಿರುವಾಗ ಒಂದು ಕತೆ ಬಂತು. ಕೆಟ್ಟುಹೋದ ಊರೊಂದನ್ನು ನಾಶಮಾಡುತ್ತೇನೆಂದು ದೇವರು ಪ್ರವಾದಿಯ ಕೈಲಿ ಹೇಳಿಕಳಿಸಿದ. ಆ ಊರಿನ ರಾಜ ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕೂತುಬಿಟ್ಟ. ಮಾವ ತಮ್ಮ ಹಣೆಯ ವಿಭೂತಿ ಮುಟ್ಟಿಕೊಂಡರು.

“ಬೂದಿ ಅಂದ್ಮೇಲೆ ನಮ್ಮೋನೇ ಕಣ್ಲಾ! ಎದೆ ಮ್ಯಾಲೆ ಲಿಂಗ ಇದ್ದದ್ನ ಬರಿಯೋದ ಮರ್ತವ್ರೆ!”

ಆದರೆ ಅಷ್ಟಕ್ಕೇ ದೇವರ ಮನಸ್ಸು ಕರಗಿತು ಎಂದು ಓದಿದಾಗ ಮಾವನಿಗೆ ಅನುಮಾನ ಹತ್ತಿತು. ತಪ್ಪುಕಾಣಿಕೆ ಇಲ್ಲ, ಪಂಚಾಯ್ತಿ ಇಲ್ಲ, ಇದೆಂಥ ದೇವರು? “ನಡುವೆ ಯಾರೋ ಆಳೆ ಅರ್ದವ್ರೆ” ಎಂದು ಪುಟಗಳನ್ನೆಲ್ಲ ತಿರುವಿ ನೋಡಿದರು. ಒಂದು ಹಾಳೆಯೂ ಹರಿದಿರಲಿಲ್ಲ. ಮುಂದೆ ಓದಿದರೆ, ದೇವರು ಕ್ಷಮಿಸಿದನೆಂದು ಪ್ರವಾದಿಯೇ ಮುನಿಸಿಕೊಂಡು ಊರಾಚೆ ಕೂತಿದ್ದಾನೆ! ನೀನು ಸಿಟ್ಟಾಗುವುದು ಸರಿಯೇ ಎಂದು ದೇವರು ಅವನನ್ನೇ ಕೇಳುತ್ತಿದ್ದಾನೆ.

ಮಾವ ಪುಸ್ತಕ ಮುಚ್ಚಿ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

“ಆ ಪಾದ್ರಿಗೆ ನಮ್ಮನೆ ಇಚಾರ ಯೋಳ್ದೋನು ನೀನೇ ಅಲ್ವೇನ್ಲಾ?”

ಮಾರನೆಯ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಚಾಮರಾಜನಗರದ ಬಸ್ಸು ಹತ್ತಿದರು. ಮೈತುಂಬ ವಿಭೂತಿ, ತಲೆಯ ಮೇಲೆ ಈರುಳ್ಳಿ ಗೋಣಿಯ ಕೊಪ್ಪೆ. ಹೊರಗೆ ಸುಡುಬಿಸಿಲು!

“ಮಳೆ ಎಲ್ಲದೆ ಯಜಮಾನ್ರೇ?” ಎಂದ ಕಂಡಕ್ಟರ್. ಐದು ವರ್ಷದ ಹಿಂದೆ ಅಮ್ಮ ಹೇಳಿಕಳಿಸಿದ್ದೂ ಇವನ ಕೈಲೇ. ಮಾವ ಮುಖ ತಿರುಗಿಸಿಕೊಂಡರು. ಒಂದೇ ದಿನ ಎಲ್ಲರನ್ನೂ ಕ್ಷಮಿಸಲು ಆಗುತ್ತದೆಯೇ?

ಬಾಗಿಲು ತೆರೆದವಳು ಅಮ್ಮ. ಮಾವ ಜೇಬಿನಿಂದ, ಅವಳು ಅಂದು ಹೊಸ್ತಿಲ ಮೇಲಿಟ್ಟಿದ್ದ ಎಲೆ ಅಡಿಕೆ ತೆಗೆದರು. ಎಲೆ ಒಣಗಿಹೋಗಿತ್ತು. ಅದನ್ನೇ ಬಾಯಿಗೆ ಹಾಕಿಕೊಂಡರು.

“ಬೂದಿ ಬಳ್ಕಂಡಿವ್ನಿ, ಗೋಣಿನೂ ಸುತ್ಕಂಡಿವ್ನಿ ಕಣವ್ವ. ಇನ್ನೂ ಸಿಟ್ಟಾ ನಿಂಗೆ?”

ಅಮ್ಮನಿಗೆ ಯಾವ ಶಾಸ್ತ್ರವೂ ಗೊತ್ತಿಲ್ಲ. ಗೋಣಿ ತೆಗೆದು, ಸೆರಗಿನಿಂದ ಅಣ್ಣನ ಬೆವರು ಒರೆಸಿದಳು.

“ಸಿಟ್ಟು ಯಾರಿಗಣ್ಣಯ್ಯಾ? ಬಾ, ಉಣ್ಣು.”

ಅವತ್ತು ನಮ್ಮ ಮಾವ ಮುದ್ದೆಯನ್ನು ಬಿಡಿಸಿ ನೋಡದೆಯೇ ಉಂಡರು.