ಅಮಾಸಿತನಕ ಸಮುದ್ರ ಮುಟ್ಟಬ್ಯಾಡ

ಅವ್ವ: ಕೈ ತಗೀ! ಮೊದಲ ಕೈ ತಗೀ ಅಂತೇನಿ!

ನಾನು: ಇನ್ನೂ ಹಾಕೇ ಇಲ್ಲ ಅವ್ವಾ.

ಅವ್ವ: ಹಾಕೂ ವಿಚಾರ ಕಣ್ಣಿಗೆ ಕಾಣಸಲಿಕತ್ತದ. ತೋಳು ಏರಿಸಿ, ತೆಂಗಿನ ನಾರು ಹಿಡಕೊಂಡು ನಿಂತೀಯಲ್ಲ! ಹುಣ್ಣಿವಿ ಅಮಾಸಿಯಂಥ ಪರ್ವಕಾಲ ಬಿಟ್ಟು ಸಮುದ್ರ ಮುಟ್ಟಬಾರದು. ಇವತ್ತ ದ್ವಾದಶಿ. ಅಮಾಸಿ ಇನ್ನ ಮೂರು ದಿವಸ ಅದ.

ನಾನು: ಸಮುದ್ರ ಎಲ್ಲೆ ಅದ? ಇದು ಎರಡೂವರಿ ಫೂಟಿನ ಗಾಜಿನ ಪೆಟ್ಟಿಗಿ.

ಅವ್ವ: ನೀರು ಎಲ್ಲೀದು?

ನಾನು: ಕಾರವಾರದ್ದು.

ಅವ್ವ: ಮತ್ತ? ಗಿಂಡಿಯೊಳಗ ತುಂಬಿ ತಂದ್ರ ಗಂಗಾ ಗಂಗಾ ಅಲ್ಲೇನು?

ನಾನು ಅನಂತ, ಸವಣೂರಿನ ಒಂದು ಸರಕಾರಿ ಕಚೇರಿಯಲ್ಲಿ ಆಗ ಹಂಗಾಮಿ ಗುಮಾಸ್ತ. ನಮ್ಮ ಉಡಚಪ್ಪ ಸಾಹೇಬರು ಕಾರವಾರದಿಂದ ವರ್ಗವಾಗಿ ಬರುವಾಗ ಪಾತ್ರೆ ಪಡಗಗಳ ಜೊತೆಗೆ ಒಂದು ಪೆಟ್ಟಿಗೆ ಸಮುದ್ರವನ್ನೂ, ಅದರೊಳಗೆ ಒಂದೇ ಒಂದು ಮೀನನ್ನೂ ತಂದಿದ್ದರು. ಇಪ್ಪತ್ತು ದಿನದ ತರಬೇತಿಗೆ ಬೆಂಗಳೂರಿಗೆ ಹೊರಟವರು, "ಇದನ್ನ ನೋಡಿಕೊಳ್ಳೋರು ಯಾರರ ಅದೀರೇನು?" ಎಂದು ಕೇಳಿದಾಗ ಇಡೀ ಕಚೇರಿ ಫೈಲುಗಳಲ್ಲಿ ತಲೆ ಹುದುಗಿಸಿತು. ಎದ್ದು ನಿಂತವನು ನಾನೊಬ್ಬನೇ. ಅಲ್ಲಿಯವರೆಗೆ ನಾನು ಮೀನನ್ನು ಹತ್ತಿರದಿಂದ ನೋಡಿದ್ದು ಪಂಚಾಂಗದ ರಾಶಿಚಿತ್ರದಲ್ಲಿ ಮಾತ್ರ. ಆದರೆ ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಎಂಬ ವರದಿಯನ್ನು ಬರೆಯುವವರು ಅವರೇ.

ಆ ದಿನ, ಭಾನುವಾರ, ಮಧ್ಯಾಹ್ನದ ಬಸ್ಸಿಗೆ ಅವರು ಬರುವವರಿದ್ದರು. ಪೆಟ್ಟಿಗೆ ಮಾತ್ರ ಅರೆದಿಟ್ಟ ಕೊತ್ತಂಬರಿ ಚಟ್ನಿಯ ಹಾಗೆ ಹಸಿರಾಗಿತ್ತು.

ಅವ್ವ: ಒಳಗ ಮೀನರ ಅದನೋ ಇಲ್ಲೋ?

ನಾನು: ಇರಬೇಕು. ನಿನ್ನೆ ಏನೋ ಅಳ್ಳಾಡಿತು.

ಅವ್ವ: ಅಳ್ಳಾಡಿದ್ದು ಪಾಚಿ ಇರಬೇಕು.

ನಾನು: ಅಪಶಕುನ ನುಡೀಬ್ಯಾಡ. ಸಾಹೇಬ್ರು ಚೀಟಿ ಬರದು ಕೊಟ್ಟಾರ, ಕೇಳು. "ದಿನಕ್ಕೆ ಒಂದೇ ಚಿಟಿಕೆ ಆಹಾರ. ತಿನ್ನದೆ ಉಳಿದದ್ದು ಕೊಳೆತು ನೀರಿಗೆ ಗೊಬ್ಬರವಾಗುತ್ತದೆ. ಗೊಬ್ಬರ ಹೆಚ್ಚಾದರೆ ಪಾಚಿ." ನಾ ಚಿಟಿಕಿ ಹಾಕೇನಿ. ಇಷ್ಟು ಗೊಬ್ಬರ ಎಲ್ಲಿಂದ ಬಂತು?

ಅವ್ವ ಸೆರಗು ಸರಿಮಾಡಿಕೊಂಡರು. ಅವರು ಸೆರಗು ಸರಿಮಾಡಿಕೊಂಡರೆಂದರೆ ಹಿಂದೆ ಏನೋ ಇದೆ ಎಂದೇ ಅರ್ಥ.

ನಾನು: ಅವ್ವಾ, ಏನು ಹಾಕೀ?

ಅವ್ವ: ನಾ ಏನೂ ಹಾಕಿಲ್ಲ. ನೈವೇದ್ಯ ಆದಮ್ಯಾಲೆ ಸ್ವಲ್ಪ ತೋರಸೇನಿ.

ನಾನು: ತೋರಿಸಿ?

ಅವ್ವ: ಬಿಟ್ಟೇನಿ.

ನಾನು: ಏನು ಬಿಟ್ಟೀ?

ಅವ್ವ: ಕಡಲಿಬ್ಯಾಳಿ ಹಯಗ್ರೀವ. ಒಂದಿನ ಪಾಯಸ. ಗುರುವಾರ ಎರಡು ತುಂಡು ಹೋಳಿಗಿ. ಏನೋ ಅದು! ಮತ್ಸ್ಯಾವತಾರ ತಾನಾಗೇ ಮನಿಗೆ ಬಂದು ಕೂತದ. ಕೇಸರೀಬಾತಿನ ಭಾಂಡೆ ಅದರ ಮುಂದ ಹಾದು ಅಡಗಿಮನಿಗೆ ಹೋಗಬೇಕು, ಅದು ಕಣ್ಣು ಪಿಳಿಪಿಳಿ ಬಿಡಬೇಕು, ನಾ ನೋಡಿಕೋತ ಹೋಗಲ್ಯಾ?

ನಾನು: ಮೀನಿಗೆ ರೆಪ್ಪಿನ ಇಲ್ಲ ಅವ್ವಾ, ಪಿಳಿಪಿಳಿ ಹೆಂಗ ಬಿಡ್ತದ?

ಅವ್ವ: ನೋಡಿದ್ಯಾ, ರೆಪ್ಪಿ ಇಲ್ಲದಿದ್ರೂ ಬಿಡ್ತದ! ಮತ್ತ ಅಂಧಾದುಂಧಿ ಹಾಕಿಲ್ಲ. ಏಕಾದಶಿಗೆ ಒಂದು ಅಗಳು ಹಾಕಿಲ್ಲ. ನಿನ್ನೆ ನನ್ನ ಜೋಡಿ ಪೂರಾ ಉಪವಾಸ ಇತ್ತು. ನೀ ಮಾತ್ರ ಉಪ್ಪಿಟ್ಟು ತಿಂದಿ.

ನಾನು: ಹೋಳಿಗಿ ನೀರಾಗ ಕೊಳತು ಗೊಬ್ಬರ ಆಗ್ಯದ. ಅದಕ್ಕ ಇದು ಹಿಂಗ.

ಅವ್ವ: ಚೀಟಿ ಪೂರಾ ಓದು. ಬಿಸಲಿಂದು ಏನು ಬರದಾರ?

ಚೀಟಿಯ ಮುಂದಿನ ಸಾಲು "ಬಿಸಿಲು ಬೀಳುವಲ್ಲಿ ಇಡಬಾರದು" ಎಂದಿತ್ತು. ಪೆಟ್ಟಿಗೆಯನ್ನು ಬೀದಿಯ ಕಡೆಯ ಕಿಟಕಿಗೆ ಹಚ್ಚಿ ಇಟ್ಟವನು ನಾನು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಟೈಪಿಂಗ್ ಕ್ಲಾಸಿಗೆ ಹೋಗುವ ಸುಮನ್, ಸಮುದ್ರವಿರುವ ಮನೆಯೆಂದು ಒಮ್ಮೆಯಾದರೂ ಇತ್ತ ನೋಡಬಹುದೆಂಬ ಆಸೆ. ಆಕೆ ನೋಡಿದ್ದು ನಿಜ. ಮರುದಿನದಿಂದ ಮೂಗಿಗೆ ಕರವಸ್ತ್ರ ಹಿಡಿದೇ ಹಾಯುತ್ತಿದ್ದಳು.

ಅವ್ವ: ಜೋರಾಗಿ ಓದು, ನನಗೂ ಕೇಳಸಲಿ.

ಅಷ್ಟರಲ್ಲಿ ಬಾಗಿಲಲ್ಲಿ ದಸ್ತಗೀರಸಾಬ ಕಾಣಿಸಿಕೊಂಡರು. ಹುಬ್ಬಳ್ಳಿ–ಕಾರವಾರ ದಾರಿಯಲ್ಲಿ ಲಾರಿ ಹೊಡೆಯುವ ನಮ್ಮ ಓಣಿಯವರು. ಪ್ರತಿ ವಾರ ಎರಡು ಡಬ್ಬಿ ಸಮುದ್ರದ ನೀರು ತಂದುಕೊಡುತ್ತಿದ್ದವರು ಇವರೇ; ನಾನು ಕಚೇರಿಯಲ್ಲಿರುವಾಗ ಅದನ್ನು ಇಳಿಸಿಕೊಂಡು ಪೆಟ್ಟಿಗೆಗೆ ಸುರಿಯುತ್ತಿದ್ದವರು ಅವ್ವ.

ದಸ್ತಗೀರಸಾಬ: ಸಲಾಮ್ರಿ ಬಾಯಾರ. ತಮ್ಮಾ, ಇದೇನು, ಪೆಟಿಗ್ಯಾಗ ಎಲಿಬಳ್ಳಿ ಹಚ್ಚೀ ಏನು?

ನಾನು: ಕಾಕಾ, ನೀವ ಉಳಸಬೇಕು. ಸಾಹೇಬ್ರು ಬರೂ ಹೊತ್ತಾತು. ಗಾಜು ತಿಕ್ಕೂಣು ಅಂದ್ರ ಅವ್ವ ಅಮಾಸಿತನಕ ಮುಟ್ಟಬ್ಯಾಡ ಅಂತಾಳ.

ದಸ್ತಗೀರಸಾಬ: ಇಷ್ಟ ಹೌದಿಲ್ಲೋ? ನಿಮ್ಮ ನೇಮ ನಿಮಗ. ನಾ ವಾರಕ್ಕ ಎರಡ ಸಲ ಸಮುದ್ರದಾಗ ಇಳಿದು ಮಾರಿ ತೊಳಕೋತೇನಿ. ಇಲ್ಲೀತನಕ ಸಮುದ್ರ ಏನೂ ತಕರಾರ ಮಾಡಿಲ್ಲ. ಕೊಡು ಆ ನಾರು.

ಅವ್ವ: ಬ್ಯಾಡ್ರಿ ದಸ್ತಗೀರಸಾಬ. ನಮ್ಮ ಮನಿ ಪಾಪ ನಿಮ್ಮ ಕೈಲೆ ಮಾಡಿಸಿ ನಾ ಎಲ್ಲೆ ಹೋಗ್ಲಿ?

ದಸ್ತಗೀರಸಾಬ: ನನಗ ಅದು ಪಾಪ ಅಲ್ರಿ ಬಾಯಾರ.

ಅವ್ವ: ನಿಮಗ ಅಲ್ಲ, ಖರೆ. ಮಾಡಿಸಿದಾಕಿ ನಾ ಅಲ್ಲೇನು? ನನ್ನ ಲೆಕ್ಕಕ್ಕ ಬೀಳ್ತದ.

ನಾನು: ಹಂಗಾರ ನೀ ಒಳಗ ಹೋಗು. ನೀ ನೋಡೇ ಇಲ್ಲ.

ಅವ್ವ: ನಾ ಒಳಗ ಹೋದ್ರ, ನೀವು ಏನು ಮಾಡ್ತೀರಂತ ಗೊತ್ತಿದ್ದೂ ಹೋದಾಕಿ ಆಗ್ತೇನಿ. ಅದು ಇನ್ನೂ ದೊಡ್ಡ ಪಾಪ.

ದಸ್ತಗೀರಸಾಬರು ತಲೆಯಾಡಿಸಿ ಪೆಟ್ಟಿಗೆಯ ಮೇಲೆ ಬಗ್ಗಿದರು. ಮೂಗರಳಿಸಿ ಮೂಸಿದರು. ಆಮೇಲೆ ಪಕ್ಕದಲ್ಲಿದ್ದ ಚಮಚದಿಂದ ಒಂದು ಹನಿ ಎತ್ತಿ ನಾಲಿಗೆಗೆ ಹಚ್ಚಿಕೊಂಡರು. ಅವ್ವ ಕಣ್ಣು ಮುಚ್ಚಿಕೊಂಡರು. ಚಮಚದ ಮಾತು ಶಾಸ್ತ್ರದಲ್ಲಿ ಬಂದಿರಲಿಲ್ಲವೆಂದು ಕಾಣುತ್ತದೆ.

ದಸ್ತಗೀರಸಾಬ: ತಮ್ಮಾ, ನಾ ತಂದ ನೀರು ಎಲ್ಲಿ?

ನಾನು: ಇದ ಅಲ್ರೀ?

ದಸ್ತಗೀರಸಾಬ: ಇದು ಸಮುದ್ರ ಅಲ್ಲ. ಇದು ನಿಮ್ಮ ಹಿತ್ತಲ ಬಾವಿ. ಉಪ್ಪ ಕಡಿಮಿ ಬಿದ್ದ ಸಾರು ಇದ್ದಂಗ ಐತಿ. ಯಲ್ಲಾಪುರ ಘಾಟಿನಾಗ ಡಬ್ಬಿ ತಡಕೊಂಡು, ಒಂದು ಹನಿ ಚೆಲ್ಲದಂಗ ತಂದೇನಿ. ಎಲ್ಲಿ ಹೋತದು?

ಅವ್ವ ಮತ್ತೆ ಸೆರಗು ಸರಿಮಾಡಿಕೊಂಡರು.

ನಾನು: ಅವ್ವಾ!

ಅವ್ವ: ಚೀರಬ್ಯಾಡ. ಬಾಜೂಮನಿ ಗೋಪಿಕಾಬಾಯಿಗೆ ಮೊಳಕಾಲು ಬ್ಯಾನಿ ಅದ. ಗೋಕರ್ಣಕ್ಕ ಹೋಗಬೇಕಂತ ಹನ್ನೆರಡು ವರ್ಷದಿಂದ ಒದ್ದಾಡ್ತಾಳ. ಹುಣ್ಣಿವಿ ದಿವಸ ಒಂದು ತಂಬಗಿ ಕೊಟ್ಟೆ, ಸಂಕಲ್ಪ ಮಾಡಿ ತಲಿ ಮ್ಯಾಲೆ ಹಾಕ್ಕೊಂಡ್ಲು. ಸಮುದ್ರಸ್ನಾನ ಆತು. ಪಾಪ, ಅತ್ತೇಬಿಟ್ಲು.

ನಾನು: ಒಂದ ತಂಬಗಿ?

ಅವ್ವ: ಆಕಿ ಸುಮ್ಮನ ಇರ್ತಾಳೇನು? ಓಣಿಯಾಗ ಹೇಳಿದ್ಲು. ಅವತ್ತ ಹನ್ನೊಂದು ಮಂದಿ ಬಂದ್ರು. ರಟ್ಟೀಹಳ್ಳಿಯಿಂದ ಒಬ್ಬಾಕಿ ಬಾಟ್ಲಿ ತುಂಬಿಸಿಕೊಂಡು ಹೋದ್ಲು. ಹತ್ತಿಮತ್ತೂರಿನಾಕಿ ಮಾವಗೂ ಬೇಕಂತ ಎರಡು ಒಯ್ದಳು.

ದಸ್ತಗೀರಸಾಬ: ಅಂದ್ರ ಕಾರವಾರದ ಸಮುದ್ರ ಲಾರಿಯಿಂದ ಇಳದು, ಹತ್ತಿಮತ್ತೂರಿಗೆ ಹೋತು!

ಅವ್ವ: ನಾ ಅನ್ಯಾಯ ಮಾಡಿಲ್ಲ. ಕೊಟ್ಟಷ್ಟೂ ತಿರುಗಿ ತುಂಬೇನಿ. ಬಾವಿ ನೀರಿಗೆ ಉಪ್ಪಿನಕಾಯಿ ಉಪ್ಪು ಮೂರು ಹಿಡಿ ಹಾಕೇನಿ.

ನಾನು ನಾರನ್ನು ಮೇಲೆತ್ತಿದೆ. ಮೂರು ವಾರದಲ್ಲಿ ಮೊದಲ ಬಾರಿಗೆ ನನ್ನ ತಲೆ ಓಡಿತ್ತು.

ನಾನು: ಹಂಗಾರ ಇದು ಸಮುದ್ರನ ಅಲ್ಲ! ಬಾವಿ ನೀರು! ಯಾವಾಗರೆ ಮುಟ್ಟಬಹುದು!

ಅವ್ವ: ತಡಿ. ಹಿಂದಿನ ನೀರು ಪೂರಾ ತಗದಿಲ್ಲ. ಗಂಗಾದ ಒಂದು ಹನಿ ಬಿದ್ರ ಇಡೀ ಬಾವಿ ಗಂಗಾ ಆಗ್ತದ. ಹಂಗ ಇದೂ ಸಮುದ್ರನ.

ದಸ್ತಗೀರಸಾಬ: ಹಂಗಂದ್ರ ನಾ ವಾರಾ ವಾರಾ ಘಾಟಿ ಯಾಕ ಇಳೀಬೇಕ್ರಿ? ಒಂದು ಹನಿ ತಂದು ನಮ್ಮೂರ ಮೋತಿ ತಲಾಬ ಕೆರಿಗೆ ಹಾಕಿಬಿಡ್ತೇನಿ. ಸವಣೂರಿಗೂ ಒಂದು ಬಂದರು ಆಗ್ಲಿ!

ಅವ್ವ: ಹಾಕ್ರಿ. ಹಾಕಿದ್ರ ಎಮ್ಮಿ ತೊಳಿಯೋರಿಗೆ ಅಮಾಸಿತನಕ ಬಂದ್ ಮಾಡ್ಲಿಕ್ಕೆ ಹೇಳ್ರಿ.

"ಅನಂತ ಅದಾರೇನ್ರಿ?"

ಮೂವರೂ ತಿರುಗಿದೆವು. ಕೈಯಲ್ಲಿ ಚೀಲ ಹಿಡಿದು ಉಡಚಪ್ಪ ಸಾಹೇಬರು ಒಳಗೆ ಬಂದೇಬಿಟ್ಟಿದ್ದರು; ಬಸ್ಸಿನಿಂದ ಇಳಿದು ತಮ್ಮ ಮನೆಗೂ ಹೋಗಿರಲಿಲ್ಲ. ನಾನು ನಾರನ್ನು ಬೆನ್ನ ಹಿಂದೆ ಅಡಗಿಸಿದೆ. ದಸ್ತಗೀರಸಾಬರು ಚಮಚವನ್ನು ಕಿಸೆಗೆ ಹಾಕಿಕೊಂಡರು.

ಸಾಹೇಬರು ಪೆಟ್ಟಿಗೆ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ನನ್ನ ಕಾಯಂ ನೌಕರಿ ಆ ಹಸಿರಿನಲ್ಲಿ ತಳ ಕಾಣದೆ ಮುಳುಗುತ್ತಿರುವುದು ನನಗೆ ಸ್ಪಷ್ಟವಾಗಿ ಕಾಣಿಸಿತು. ಅವರು ಬೆರಳಿನಿಂದ ಗಾಜನ್ನು ಎರಡು ಸಲ ಬಡಿದರು.

ಹಸಿರು ಸರಿಯಿತು. ಮೀನು ಬಂತು. ಸಾಹೇಬರು ಬೆಂಗಳೂರಿಗೆ ಹೋಗುವಾಗ ವೀಳ್ಯದೆಲೆಯಷ್ಟಿದ್ದದ್ದು ಈಗ ತೆಳ್ಳನೆಯ ಜೋಳದ ರೊಟ್ಟಿಯ ಅಗಲವಾಗಿತ್ತು. ಬಾಯಲ್ಲಿ ಪಾಚಿ ಕಚ್ಚಿಕೊಂಡು, ಎಮ್ಮೆಯ ಸಮಾಧಾನದಿಂದ ಮೆಲ್ಲುತ್ತಿತ್ತು.

ಸಾಹೇಬ್ರು: ಯಪ್ಪಾ, ಇದು ನಂದ ಏನು?

ನಾನು: ನಿಮ್ಮದ ರೀ ಸಾಹೇಬ್ರ. ತಪ್ಪಾಗ್ಯದ...

ಸಾಹೇಬ್ರು: ತಪ್ಪ? ಎರಡು ವರ್ಷ ಆತು, ವಾರಾ ವಾರಾ ಗಾಜು ತಿಕ್ಕಿ ನನ್ನ ಉಗರ ಸವದಾವು. ಇದು ಏನೂ ತಿಂತಿರಲಿಲ್ಲ, ಒಣಗಿ ಹೊಂಟಿತ್ತು. ಇದು ಕಾಳಿ ನದಿ ಸಮುದ್ರಕ್ಕ ಕೂಡೂವಲ್ಲಿ ಸಿಕ್ಕದ್ದು. ಅರ್ಧ ಸಿಹಿ ನೀರು, ತುಂಬ ಪಾಚಿ, ಅದ ಇದಕ್ಕ ಬೇಕಂತ. ಮೊನ್ನೆ ತರಬೇತ್ಯಾಗ ಮೀನುಗಾರಿಕೆಯವರೊಬ್ಬರು ಹೇಳಿದ್ರು. ಬಂದ ಕೂಡಲೆ ತಿಕ್ಕಬ್ಯಾಡ ಅಂತ ಹೇಳಾಕ ಓಡಿ ಬಂದೇನಿ. ಗಾಜು ತಿಕ್ಕೀರೇನು?

ನಾನು: ಇಲ್ರೀ.

ಸಾಹೇಬ್ರು: ಒಂದ ಸಲ?

ನಾನು: ಒಂದ ಸಲನೂ ಇಲ್ರೀ.

ಸಾಹೇಬ್ರು: ನೀರು ನಾ ಹೇಳಿದಂಗ ಬದಲಿ ಮಾಡಿದ್ರಿ?

ನಾನು: ನಾ ಏನೂ ಮಾಡಿಲ್ರೀ ಸಾಹೇಬ್ರ.

ಅವ್ವ: ಖರೆ ಅದರಿ. ನನ್ನ ಮಗ ಏನೂ ಮಾಡಿಲ್ಲ. ನಾ ಸಾಕ್ಷಿ.

ದಸ್ತಗೀರಸಾಬ: ನಾನೂ ರೀ.

ಸಾಹೇಬರು ನನ್ನನ್ನು ಬಹಳ ಹೊತ್ತು ನೋಡಿದರು. ಅಂಥ ಗೌರವದಿಂದ ನನ್ನನ್ನು ಯಾರೂ ನೋಡಿರಲಿಲ್ಲ, ಸುಮನ್ ಅಂತೂ ಇಲ್ಲವೇ ಇಲ್ಲ.

ಮರುದಿನ ವರದಿ ಹೋಯಿತು. ಅದರ ಪ್ರತಿ ಈಗಲೂ ನನ್ನ ಹತ್ತಿರವಿದೆ: "ಇವರಿಗೆ ಒಪ್ಪಿಸಿದ ಕೆಲಸವು ಇವರು ಏನೂ ಮಾಡದೆ ಇರುವವರೆಗೆ ಅತ್ಯುತ್ತಮವಾಗಿ ನಡೆಯುತ್ತದೆ. ಕಾಯಂ ಮಾಡಬಹುದು."

ಮೇಲಿನವರು ಒಂದೂ ಪ್ರಶ್ನೆ ಕೇಳದೆ ರುಜು ಹಾಕಿದರು.