ಗಿಣ್ಣಿಗೆ ಯಾರ ಹೆಸರು

ನನಗಾಗ ಅರವತ್ತೊಂಬತ್ತು, ಈಗ್ಗೆ ಮೂರು ವರ್ಷದ ಮಾತು. ಕದ್ದದ್ದು ಬಹಳ ದಿನ ಮನೆಯಲ್ಲಿದ್ದರೆ ನಮ್ಮದೇ ಅನ್ನಿಸಿಬಿಡುತ್ತದೆ. ಪಕ್ಕದ ಮನೆಯ ಒನಕೆಯಾದರೆ ಯಾರಾದರೂ ಗುರುತು ಹಿಡಿದಾರು. ನಾನು ಕದ್ದದ್ದು ಒಂದು ಮಾತು. ಹಾಗಾಗಿ ಮೂವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಮುಳ್ಳೂರಿನಲ್ಲಿ ಹಸು ಈದರೆ ಕರುವಿನ ಹಿಂದೆ ಬರುವ ಮಾಸು ಬೀಳುವ ತನಕ ಕರುವನ್ನು ಕೆಚ್ಚಲ ಹತ್ತಿರ ಬಿಡುತ್ತಿರಲಿಲ್ಲ. ಅರ್ಧ ದಿನವಾದರೂ ಸರಿ, ಕರು ಬಾಯಿ ಒಣಗಿಸಿಕೊಂಡು ಬಿದ್ದಿರಬೇಕು. ನಾನು ಮಾತ್ರ ಕರು ಕಾಲೂರುವ ಮೊದಲೇ ಗಿಣ್ಣು ಕರೆದು ಕುಡಿಸುತ್ತಿದ್ದೆ. ಊರವರು ಬೈದರು. ನನ್ನ ಕರುಗಳು ಭೇದಿಯಾಗದೆ ಉಳಿದವು. ಬೈದವರೇ ಆಮೇಲೆ ತಮ್ಮ ಕೊಟ್ಟಿಗೆಗೆ ನನ್ನನ್ನು ಕರೆಯಲು ಬಂದರು. ಹನೂರು, ಯಳಂದೂರು ಕಡೆಯಿಂದ ಬಂದವರು "ಇದ ನಿಮ್ಗೆ ಯಾರು ಏಳ್ಕೊಟ್ರವ್ವ?" ಎಂದರೆ ನಾನು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಬಾಯಿ ತುಂಬಿದ್ದಾಗ ಇನ್ನೊಬ್ಬರ ಹೆಸರು ಹೇಳುವುದು ಕಷ್ಟ ನೋಡಿ.

ಆ ಕೆಲಸಕ್ಕೆ ಕರುವಿನ ತಲೆ ಹಿಡಿದುಕೊಳ್ಳುತ್ತಿದ್ದವಳು ರಜಕ್ಕೆ ಬರುತ್ತಿದ್ದ ತಂಗಿಯ ಮಗಳು ಮಂಗಳ. ಅವಳೀಗ ಮೈಸೂರಿನಲ್ಲಿ ವಿಜ್ಞಾನಿ, ದೊಡ್ಡ ಹುದ್ದೆ. ಈ ಮಾತು ನಡೆದಾಗ ಆ ಹುದ್ದೆ ಇನ್ನೂ ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷದಿಂದ ಗಿಣ್ಣಿನ ಆಂಟಿಬಾಡಿಯ ಬೆನ್ನು ಬಿದ್ದಿದ್ದಾಳೆ. ಅವು ರೋಗವನ್ನು ತಡೆಯುವ ಕಾವಲಿನವರಂತೆ. ಕರು ಹುಟ್ಟುವಾಗ ಅದರ ಮೈಯಲ್ಲಿ ಇರುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಒಂದು ದಿನ ಕಳೆದರೆ ಕರುಳು ಅವನ್ನು ಒಳಗೆ ಬಿಡುವುದಿಲ್ಲವಂತೆ. ಇಷ್ಟನ್ನು ಅಳೆದು ತೂಗಿ ಬರೆಯಲು ಅವಳಿಗೆ ಅರ್ಧ ಆಯುಷ್ಯ ಬೇಕಾಯಿತು. ನನಗೆ ಒಂದು ಚೊಂಬು ಸಾಕಾಗಿತ್ತು.

ಮೂರು ವರ್ಷದ ಹಿಂದಿನ ಆ ವಾರ ನಮ್ಮ ಹಸು ಈದಿತ್ತು. ಗಿಣ್ಣು ಎಂದರೆ ಜೀವ ಬಿಡುವ ಮಂಗಳ ಬಂದಳು, ಆದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಾಳಿದ್ದು ಬಡ್ತಿಗೆ ಇಂಟರ್‌ವ್ಯೂ, ಹೋಗುವುದೇ ಬೇಡ ಅನ್ನಿಸಿದೆ ಎಂದಳು. ಅಲ್ಲಿ ಮೊದಲು ನೋಡುವುದು, ಇವಳ ಬರಹವನ್ನು ಓದಿ ಎಷ್ಟು ಜನ ತಮ್ಮ ಬರಹದಲ್ಲಿ ಇವಳ ಹೆಸರು ಹೇಳಿದ್ದಾರೆ ಎಂಬುದನ್ನಂತೆ. ಅದಕ್ಕೆ ಸೈಟೇಶನ್ ಅಂತ ಹೆಸರು. ತನ್ನ ಹೆಸರನ್ನು ತಾನೇ ಹೇಳಿಕೊಂಡರೆ ಅಷ್ಟು ಬೆಲೆಯಿಲ್ಲವಂತೆ. ಈ ಕಾನೂನು ನಮ್ಮ ಪಂಚಾಯಿತಿಗೂ ಬಂದರೆ ಮೆಂಬರುಗಳು ಬಾಯೇ ಬಿಡುವ ಹಾಗಿಲ್ಲ.

ಅಷ್ಟೊಂದು ಜನ ಹೆಸರು ಹೇಳಿ ನೆನೆದಿದ್ದರೆ ನಿನಗೆ ಬಿಕ್ಕಳಿಕೆ ಬರಬೇಕಿತ್ತಲ್ಲ ಎಂದೆ. ನಗಲಿಲ್ಲ. ಅವಳು ಕಂಡುಹಿಡಿದ ಅಳತೆಯ ಕ್ರಮವನ್ನು ಯಾರೋ ಒಬ್ಬ ಎತ್ತಿಕೊಂಡು, ಅವಳ ಹೆಸರು ಹೇಳದೆ ಬರೆದುಬಿಟ್ಟಿದ್ದನಂತೆ. ಈಗ ಎಲ್ಲರೂ ಅವನ ಹೆಸರನ್ನೇ ಹೇಳುತ್ತಾರಂತೆ. ನನಗೆ ಉರಿದುಹೋಯಿತು.

"ಅವನ ಬಾಯ್ಗೆ ಮಣ್ಣಾಕ. ಇನ್ನೊಬ್ರ ಮಾತ ತಕಂಡು ಎಸ್ರು ಏಳ್ದೆ ಇರೋನು ಮನ್ಸನಾ?"

ಇದರಿಂದ ಅವಳಿಗೆ ಎಷ್ಟೋ ಸಮಾಧಾನವಾಯಿತು. ಎರಡು ತುಂಡು ಗಿಣ್ಣು ತಿಂದಳು. "ನಾ ಅಂಗೆ ಮಾಡ್ಲಿಲ್ಲ ದೊಡ್ಡವ್ವ. ನನ್ನ ಮೊದಲ್ನೇ ಪೇಪರ್‌ಲೇ ನಿನ್ನ ಎಸ್ರು ಆಕಿದ್ದೀನಿ ನೋಡು. ಇಂಟರ್‌ವ್ಯೂಗೆ ಓದ್ರೆ, ಇದೆಲ್ಲ ಎಲ್ಲಿಂದ ಸುರುವಾಯ್ತು ಅಂತ ಕೇಳೇ ಕೇಳ್ತಾರೆ. ನಮ್ಮ ದೊಡ್ಡವ್ವನಿಂದ ಅಂತೀನಿ."

ಮೊಬೈಲಿನಲ್ಲಿ ಇರುವೆ ಸಾಲಿನಂಥ ಇಂಗ್ಲಿಷನ್ನು ಉಗುರಿನಲ್ಲಿ ತೋರಿಸಿದಳು. ನನಗೆ ಕನ್ನಡವೇ ಅಕ್ಷರ ಕೂಡಿಸಿ ಓದಬೇಕು. ಆಗ ನೋಡಿ, ಬಿಕ್ಕಳಿಕೆ ನನಗೆ ಹತ್ತಿಕೊಂಡಿತು. ಒಂದು ಚೊಂಬು ನೀರು ಕುಡಿದರೂ ನಿಲ್ಲಲಿಲ್ಲ.

ನಿಂತದ್ದು ನಿಜ ಹೇಳಿದ ಮೇಲೆ. ಹಿಂದೆ ಬಾಣಂತಿಯೊಬ್ಬಳ ಜೊತೆಗೆಂದು ಕಾಮಗೆರೆಯ ಆಸ್ಪತ್ರೆಗೆ ಹೋಗಿ, ಪಕ್ಕದ ಮನೆಯ ಚಿಕ್ಕತಾಯಮ್ಮ ಎಂಬವಳ ಜಗಲಿಯಲ್ಲಿ ನಾಲ್ಕು ದಿನ ಉಳಿದಿದ್ದೆ. ಮಾಸಿಗೆ ಕಾಯದೆ ಗಿಣ್ಣು ಕುಡಿಸುವುದನ್ನು ನನಗೆ ತೋರಿಸಿಕೊಟ್ಟವಳು ಅವಳು.

ಮಂಗಳ ಬೈಯುತ್ತಾಳೆ ಅಂದುಕೊಂಡಿದ್ದೆ. ನನ್ನ ಮುಖವನ್ನೇ ನೋಡಿ, "ಮಣ್ಣು ತರ್ಲಾ ದೊಡ್ಡವ್ವ?" ಎಂದಳು.

"ತತ್ತಾ. ಆದ್ರೆ ನೀ ಇಂಟರ್‌ವ್ಯೂಗೆ ಓಗು. ನೀ ಓಗ್ದಿದ್ರೆ ಆ ಮುದ್ಕಿ ಎಸ್ರ ಏಳೋರು ಯಾರು?"

ಮಾರನೆಯ ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಅವಳನ್ನು ಮೈಸೂರಿನ ಬಸ್ಸು ಹತ್ತಿಸಿ, ಗಿಣ್ಣಿನ ಡಬ್ಬಿ ಹಿಡಿದು ನಾನು ಹನೂರಿನ ಬಸ್ಸು ಹತ್ತಿದೆ. ಕಾಮಗೆರೆಯಲ್ಲಿ ಚಿಕ್ಕತಾಯಮ್ಮ ಅದೇ ಜಗಲಿಯಲ್ಲಿದ್ದಳು, ತೊಂಬತ್ತರ ಹತ್ತಿರ, ಕಿವಿ ಮಂದ. ತಪ್ಪನ್ನು ಕೂಗಿ ಕೂಗಿ ಒಪ್ಪಿಕೊಳ್ಳಬೇಕಾಯಿತು, ಬೀದಿಗೆಲ್ಲ ಗೊತ್ತಾಯಿತು. ಅವಳು ಗಿಣ್ಣನ್ನು ಚಪ್ಪರಿಸಿ, ಏಲಕ್ಕಿ ಜಾಸ್ತಿಯಾಯಿತು ಎಂದಳು. ಆಮೇಲೆ, "ಅದ ನಂಗೆ ಏಳ್ಕೊಟ್ಟದ್ದು ಕುಂತೂರಿನ ನಮ್ಮತ್ತೆ ಕಣವ್ವ. ನಾನೂ ಯಾರ್ಗೂ ಏಳಿರ್ಲಿಲ್ಲ," ಎಂದಳು.

ಆ ಅತ್ತೆಯ ಹೆಸರು ಕೇಳಿಕೊಂಡು, ಬಸ್ ಸ್ಟಾಪಿನಿಂದಲೇ ಮಂಗಳಳಿಗೆ ಫೋನು ಮಾಡಿ, ಇಂಟರ್‌ವ್ಯೂನಲ್ಲಿ ಹೇಳುವ ಹೆಸರುಗಳ ಪಟ್ಟಿಗೆ ಅದನ್ನೂ ಬರೆಸಿದೆ. ಹಾಗಾದರೆ ನಿನ್ನ ಹೆಸರು ತೆಗೆದುಬಿಡಲೇ ಎಂದು ಕೇಳಿದಳು. ಬರೆದದ್ದನ್ನು ಯಾಕೆ ಅಳಿಸುತ್ತೀಯ, ಕೊನೆಯಲ್ಲಿ ಒಂದು ಕಡೆ ಬಿದ್ದಿರಲಿ ಎಂದೆ.