ಐದು ಮುಖಗಳ ದುರಸ್ತಿ

ಬೀಜದ ಗೋದಾಮಿನ ಚೀಟಿ ಗುಮಾಸ್ತನಿಗೆ ಆ ದಿನ ಒದಗಿದ ಪಾಡಿಗೆಲ್ಲ ಮೂಲ ಅವನ ಮೊಬೈಲಿನಲ್ಲಿದ್ದ ಒಂದು ಫೋಟೋ. ಅದರಲ್ಲಿ ಅವನು ಮೊಮ್ಮಗಳ ಪಕ್ಕದಲ್ಲಿ ಕುಳಿತಿದ್ದ. ನಿಜದಲ್ಲಿ ಮೊಮ್ಮಗಳು ಹುಟ್ಟಿ ಇಪ್ಪತ್ತಾರು ದಿನವಾಗಿದ್ದರೂ ಅವನು ಅವಳ ಮುಖ ಕಂಡಿರಲಿಲ್ಲ. ಮಗಳ ಊರಿಗೆ ಒಂದು ರಾತ್ರಿಯ ರೈಲು ಪ್ರಯಾಣ. ಆರೈಕೆಗೆಂದು ಹೋದ ಹೆಂಡತಿ ಅಲ್ಲಿಂದ ದಿನಕ್ಕೊಂದು ಫೋಟೋ ಕಳಿಸುತ್ತಿದ್ದಳು. ರಜೆಯ ಅರ್ಜಿ ಒಂಬತ್ತು ದಿನದಿಂದ ವ್ಯವಸ್ಥಾಪಕರ ಮೇಜಿನ ಮೇಲೆ ಹಾಗೇ ಬಿದ್ದಿತ್ತು.

ಮೂವತ್ತು ವರ್ಷ ಮೂಟೆಗಳಿಗೆ ಚೀಟಿ ಬರೆದು ಕಟ್ಟಿದ ಕೈ ಅವನದು. ಅಂಥವನು ಊಟದ ಬಿಡುವಿನಲ್ಲಿ ಗೋದಾಮಿನ ಕಂಪ್ಯೂಟರಿನ ಮುಂದೆ ಕುಳಿತು, ವಿಡಿಯೋ ನೋಡಿಕೊಂಡು, ಫೋಟೋ ತಿದ್ದುವ ತಂತ್ರಾಂಶವನ್ನು ಕಲಿಯತೊಡಗಿದ್ದ. ಒಂದು ವಾರದ ಸಾಹಸದ ಕೊನೆಗೆ ತನ್ನನ್ನು ಒಂದು ಹಳೆಯ ಫೋಟೋದಿಂದ ಕತ್ತರಿಸಿ ತೊಟ್ಟಿಲ ಬದಿಗೆ ಅಂಟಿಸಿದ. ಅಳತೆ ಮಾತ್ರ ಕೈಕೊಟ್ಟಿತು. ಮಗು ಐವತ್ತು ಕಿಲೋ ಮೂಟೆಯಷ್ಟಾಗಿ, ತಾತ ಅದರ ಆಟಿಕೆಯಷ್ಟಾಗಿ ಕಂಡರು. ಆದರೂ ಇಬ್ಬರೂ ಒಂದೇ ಚೌಕಟ್ಟಿನಲ್ಲಿದ್ದರಲ್ಲ ಎಂದು ಅವನು ಅದನ್ನು ಉಳಿಸಿಕೊಂಡಿದ್ದ.

ಮೂಟೆ ತೂಗುವ ತೂಕದವನು ಅದನ್ನು ಅವನ ಹೆಗಲ ಮೇಲಿಂದ ನೋಡಿಬಿಟ್ಟ. ತೂಕದವನು ನೋಡಿದ್ದನ್ನು ಗೋದಾಮೆಲ್ಲ ನೋಡಿದ ಹಾಗೆಯೇ. ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಚೀಟಿಯಣ್ಣ ಫೋಟೋ ಬದಲಾಯಿಸುವ ವಿದ್ಯೆ ಕಲಿತಿದ್ದಾನೆ ಎಂಬ ಸುದ್ದಿ ವ್ಯವಸ್ಥಾಪಕರ ಕೋಣೆ ತಲುಪಿತ್ತು.

ಅಲ್ಲಿ ಅದೇ ಬೆಳಿಗ್ಗೆ ಕೇಂದ್ರ ಕಚೇರಿಯಿಂದ ಬಂದ ಕಾಗದವೊಂದಿತ್ತು. ಗೋದಾಮಿನ ಆರೂ ಜನ ಸಿಬ್ಬಂದಿಯ ಫೋಟೋಗಳನ್ನು, ಬಿಳಿ ಹಿನ್ನೆಲೆಯಲ್ಲಿ, ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು. ಯಾತಕ್ಕೆ ಎಂದು ಬರೆದಿರಲಿಲ್ಲ. ಹೆದ್ದಾರಿಯ ಪಕ್ಕ ದೊಡ್ಡ ಫಲಕ ಹಾಕುತ್ತಾರಂತೆ ಎಂದು ತೂಕದವನು ಹೇಳಿದ. ಕ್ಯಾಲೆಂಡರ್ ಮಾಡುತ್ತಾರೆ ಎಂಬುದು ಡ್ರೈವರನ ನಂಬಿಕೆ. ಯಾತಕ್ಕಾದರೂ ಇರಲಿ, ನಾಲ್ಕು ಜನ ನೋಡುವ ಮುಖ ಲಕ್ಷಣವಾಗಿರಬೇಕು ಎಂದು ವ್ಯವಸ್ಥಾಪಕರು ತೀರ್ಮಾನಿಸಿ ಗುಮಾಸ್ತನನ್ನು ಕರೆಸಿದರು. ರಜೆಯ ಅರ್ಜಿಯನ್ನು ಎಳೆದು ಮುಂದಿಟ್ಟುಕೊಂಡರು.

"ಫೋಟೋ ಹನ್ನೆರಡಕ್ಕೆ ಹೋಗ್ಲಿ ಗುಮಾಸ್ತರೇ. ಸಂಜೆ ರೈಲಿಗೆ ನೀವು ಹೊರಡಿ. ಒಂದು ವಾರ ಈ ಕಡೆ ತಲೆ ಹಾಕ್ಬೇಡಿ."

ಗುಮಾಸ್ತ ನೆಲದ ಮೇಲೆ ನಡೆದು ಹೊರಗೆ ಬಂದನೆಂದು ಹೇಳುವಂತಿರಲಿಲ್ಲ.

ಸುಣ್ಣದ ಗೋಡೆಗೆ ಒಬ್ಬೊಬ್ಬರನ್ನೇ ಒರಗಿಸಿ ಫೋಟೋ ತೆಗೆದ. ಗೋಡೆಯ ತುಂಬ ತೇವದ ಕಲೆಗಳು. ಹಿನ್ನೆಲೆ ಅಳಿಸಲು ತಂತ್ರಾಂಶದಲ್ಲಿ ಮಂತ್ರದಂಡದ ಚಿತ್ರವಿರುವ ಒಂದು ಗುಂಡಿಯಿತ್ತು; ಒಂದು ಬಣ್ಣವನ್ನು ಮುಟ್ಟಿದರೆ ಅಕ್ಕಪಕ್ಕದ ಅದೇ ಬಣ್ಣವನ್ನೆಲ್ಲ ಹಿಡಿಯುತ್ತದೆ ಎಂದು ವಿಡಿಯೋದವನು ಹೇಳಿದ್ದ. ಮೊದಲು ವ್ಯವಸ್ಥಾಪಕರ ಫೋಟೋ ತೆರೆದು ಗೋಡೆಯನ್ನು ಮುಟ್ಟಿ ಅಳಿಸಿದ. ಗೋಡೆ ಹೋಯಿತು. ಅದರ ಜೊತೆಗೆ ವ್ಯವಸ್ಥಾಪಕರ ಬೆಳ್ಳಗಿನ ಕೂದಲೂ, ಹಣೆಯ ಅರ್ಧವೂ ಹೋದವು. ಉಳಿದದ್ದು ಮೇಲ್ಭಾಗ ಒಡೆದಿಟ್ಟ ಮೊಟ್ಟೆಯ ಹಾಗಿತ್ತು.

ಸರಿಯಾಗಿ ಆ ಹೊತ್ತಿಗೆ ವ್ಯವಸ್ಥಾಪಕರು ಹಿಂದೆ ಬಂದು ನಿಂತರು. ಹಿಂದಕ್ಕೆ ತರುವ ಗುಂಡಿ ಯಾವುದೆಂದು ಗುಮಾಸ್ತನಿಗೆ ನೆನಪಾಗಲಿಲ್ಲ. ಕೈಗೆ ಸಿಕ್ಕ ಕುಂಚ ಹಿಡಿದು, ಅದರಲ್ಲಿದ್ದ ಕಪ್ಪನ್ನೇ ತಲೆಯಿದ್ದ ಜಾಗಕ್ಕೆ ಬಳಿದ. ಹೊಸದಾಗಿ ಡಾಂಬರು ಹಾಕಿದ ರಸ್ತೆಯಂತೆ ತಲೆ ಮಿರಮಿರ ಮಿಂಚಿತು. ವ್ಯವಸ್ಥಾಪಕರು ಅದನ್ನು ಬಹಳ ಹೊತ್ತು ನೋಡಿದರು.

"ಇರ್ಲಿ ಬಿಡಿ," ಎಂದರು ಮೆಲ್ಲಗೆ. "ಕೆಲಸಕ್ಕೆ ಸೇರಿದಾಗ ಹೀಗೇ ಇದ್ದೆ ನಾನು."

ಇದಾದ ಮೇಲೆ ಗುಮಾಸ್ತನ ಕುರ್ಚಿಯ ಹಿಂದೆ ಸಾಲು ಬೆಳೆಯಿತು. ಬೀಜ ಪರೀಕ್ಷೆಯ ಮೇಡಂಗೆ ತಮ್ಮ ಮೂಗಿನ ಮೇಲೆ ಕಾಲೇಜಿನ ದಿನಗಳಿಂದಲೂ ಅಸಮಾಧಾನವಿತ್ತು. ಮುಖವನ್ನು ಹಿಟ್ಟಿನಂತೆ ಒತ್ತಿ ಸರಿಸುವ ಉಪಕರಣವೊಂದು ಗುಮಾಸ್ತನಿಗೆ ಸಿಕ್ಕಿತು. ಮೂಗನ್ನು ಒತ್ತಿದರೆ ಕೆನ್ನೆ ಉಬ್ಬಿತು. ಕೆನ್ನೆಯನ್ನು ಒತ್ತಿದರೆ ಗಲ್ಲ ಕೆಳಗಿಳಿಯಿತು. ಹಿಡಿ ರಾಗಿಯಲ್ಲಿ ಒಂದು ಕಳೆಬೀಜವನ್ನು ಹುಡುಕಿ ತೆಗೆಯುವ ಮೇಡಂ ತಮ್ಮ ಭೂತಗನ್ನಡಿಯನ್ನು ಪರದೆಗೇ ಹಿಡಿದು, ಇನ್ನೊಂಚೂರು ಎಡಕ್ಕೆ, ಇನ್ನೊಂಚೂರು ಒಳಕ್ಕೆ ಎಂದು ಹೇಳಿಕೊಟ್ಟರು. ಕೊನೆಗೆ ಪರದೆಯಲ್ಲಿ ಮೂಡಿದ ಹೆಂಗಸು ಚೆನ್ನಾಗಿಯೇ ಇದ್ದಳು. ಯಾರೆಂದು ಮಾತ್ರ ಹೇಳುವುದು ಕಷ್ಟವಿತ್ತು.

ತೂಕದವನ ಕೆನ್ನೆಗಳಲ್ಲಿ ಹಳೆಯ ಮೊಡವೆಯ ಗುಳಿಗಳು. ಒಂದು ಕಡೆಯ ಚರ್ಮವನ್ನು ಇನ್ನೊಂದು ಕಡೆಗೆ ಮುದ್ರೆ ಹಾಕುವ ಉಪಕರಣದಿಂದ ಗುಳಿ ಮುಚ್ಚುತ್ತ ಹೋದಾಗ, ಎಡಗೆನ್ನೆಯ ನಡುವೆ ಒಂದು ಕಿವಿ ಬಂದು ಕುಳಿತಿತು. ಅದನ್ನು ಕೀಳುವುದರಲ್ಲಿ ಕಾಲು ಗಂಟೆ ಹೋಯಿತು. ಕಿವಿ ಹೋದಾಗ ಮುಖ ತಕ್ಕಡಿಯ ತಟ್ಟೆಯಷ್ಟು ನುಣ್ಣಗಾಗಿತ್ತು. ಡ್ರೈವರನಿಗೆ ಹೆಚ್ಚಿನ ಆಸೆಯೇನೂ ಇರಲಿಲ್ಲ. ಒಂದು ಮೀಸೆ ಸಾಕೆಂದ. ಮೀಸೆ ಇಟ್ಟ ಮೇಲೆ, ಅದಕ್ಕೆ ಒಪ್ಪುವ ದವಡೆಯೂ ಇದ್ದರೆ ಚೆನ್ನ ಎಂದ.

ಕಾವಲುಗಾರನದು ಬೇರೆಯೇ ತೊಡಕು. ತೆಗೆದ ನಾಲ್ಕು ಫೋಟೋಗಳಲ್ಲೂ ಅವನ ಕಣ್ಣು ಮುಚ್ಚಿದ್ದವು, ವರ್ಷಗಳ ಅಭ್ಯಾಸ. ಗುಮಾಸ್ತ ಡ್ರೈವರನ ಕಣ್ಣುಗಳನ್ನು ಕತ್ತರಿಸಿ ಅವನಿಗೆ ಇಟ್ಟ. ಕಾವಲುಗಾರ ಪರದೆಯ ಮುಂದೆ ಬಗ್ಗಿ ನಿಂತು, "ಎಚ್ಚರ ಇದ್ದಾಗ ನಾನು ಹಿಂಗಿರ್ತೀನಾ?" ಎಂದು ಕೇಳಿ, ತೃಪ್ತನಾಗಿ ಹೋದ.

ಐದು ಮುಖಗಳ ದುರಸ್ತಿ ಮುಗಿದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ಆರನೆಯದು ತನ್ನದು ಎಂಬುದು ಗುಮಾಸ್ತನಿಗೆ ಆಗ ಹೊಳೆಯಿತು. ತೂಕದವನ ಕೈಗೆ ಮೊಬೈಲ್ ಕೊಟ್ಟು ಓಡಿಹೋಗಿ ಗೋಡೆಗೆ ನಿಂತ. ಒತ್ತಿದೆಯಾ ಎಂದು ಕೇಳಲು ಬಾಯಿ ತೆರೆದಾಗಲೇ ತೂಕದವನು ಒತ್ತಿಬಿಟ್ಟಿದ್ದ. ಕೆದರಿದ ತಲೆ, ಮೇಲೇರಿದ ಹುಬ್ಬು, ಹಲ್ಲಿನ ವೈದ್ಯನ ಮುಂದೆ ಕುಳಿತವನಂತೆ ಪೂರ್ತಿ ತೆರೆದ ಬಾಯಿ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅದನ್ನು ತಿದ್ದುವ ಸಮಯವಿರಲಿಲ್ಲ. ಹಾಗೇ ಸೇರಿಸಿ ಕಳಿಸಿದ. ವ್ಯವಸ್ಥಾಪಕರು ತಮ್ಮ ಕಪ್ಪು ತಲೆಯನ್ನು ಇನ್ನೊಮ್ಮೆ ನೋಡಿ, ಅರ್ಜಿಗೆ ಸಹಿ ಹಾಕಿದರು.

ಮೂರು ಗಂಟೆಗೆ ಕೇಂದ್ರ ಕಚೇರಿಯ ಜೀಪು ಬಂತು. ಇಳಿದವನ ಕೈಯಲ್ಲಿ ಒಂದು ಪೆಟ್ಟಿಗೆ. ಅವನು ಯಾರನ್ನೂ ಮಾತಾಡಿಸದೆ ಗೋದಾಮಿನ ಮುಂಬಾಗಿಲಿನ ಹಳೆಯ ಬೀಗ ಕಳಚಿದ, ಗೋಡೆಗೆ ರಂಧ್ರ ಕೊರೆದ, ಅಂಗೈಯಗಲದ ಒಂದು ಗಾಜಿನ ಯಂತ್ರ ಕೂರಿಸಿದ. ಸಿಬ್ಬಂದಿಯೆಲ್ಲ ಹೊರಗೆ ಬಂದು ಸುತ್ತ ನಿಂತರು. ಬೀಜ ಕಳುವಾಗುತ್ತಿರುವುದರಿಂದ ಇನ್ನು ಮುಂದೆ ಬೀಗವಿಲ್ಲ, ಮುಖ ನೋಡಿಯೇ ಬಾಗಿಲು ತೆರೆಯುತ್ತದೆ ಎಂದು ಅವನು ತಿಳಿಸಿದ. ಮಧ್ಯಾಹ್ನ ಕಳಿಸಿದ ಫೋಟೋಗಳನ್ನು ಒಳಗೆ ಸೇರಿಸಿಯಾಗಿದೆ. ಫೋಟೋದಲ್ಲಿ ಹೇಗಿದ್ದೀರೋ ಹಾಗೆ ಒಂದು ಗಳಿಗೆ ನಿಂತರೆ ಸಾಕು. ಅವನಿಗೆ ಕತ್ತಲಾಗುವುದರೊಳಗೆ ಇನ್ನೆರಡು ಗೋದಾಮು ಮುಗಿಸಬೇಕಿತ್ತು. ಬಾಗಿಲನ್ನು ಎಳೆದು ಮುಚ್ಚಿ, ಹಳೆಯ ಬೀಗ ಹಿಡಿದು ಹೊರಟುಹೋದ.

ಜೀಪಿನ ಧೂಳು ಅಡಗಿದ ಮೇಲೆ ಎಲ್ಲರೂ ಯಂತ್ರದ ಮುಂದೆ ಸಾಲುಗಟ್ಟಿದರು.

ವ್ಯವಸ್ಥಾಪಕರು ಬೆಳ್ಳಗಿನ ತಲೆಯ ಮೇಲೆ ಕೈಯಾಡಿಸಿಕೊಂಡು ಮುಂದೆ ನಿಂತರು. ಕೆಂಪು ದೀಪ. "ಗುರುತು ಸಿಗಲಿಲ್ಲ," ಎಂದಿತು ಯಂತ್ರದ ಹೆಣ್ಣು ದನಿ. ಮೇಡಂ ಮೂಗನ್ನು ಬೆರಳಿನಿಂದ ಒತ್ತಿಕೊಂಡು ನಿಂತರು. ಗುರುತು ಸಿಗಲಿಲ್ಲ. ಡ್ರೈವರ್ ಮೀಸೆಯ ಜಾಗಕ್ಕೆ ಗ್ರೀಸ್ ಬಳಿದುಕೊಂಡು ಬಂದ. ದನಿ ಅದನ್ನೇ ಹೇಳಿತು. ತೂಕದವನಿಗೂ ಕಾವಲುಗಾರನಿಗೂ ಯಂತ್ರ ಬೇರೆ ಮಾತು ಹೇಳಲಿಲ್ಲ. ಒಳಗೆ ದೀಪಗಳು ಉರಿಯುತ್ತಿದ್ದವು, ನಾಳೆ ಬೆಳಿಗ್ಗೆ ರೈತರಿಗೆ ಹಂಚಬೇಕಾದ ನಾನೂರು ಮೂಟೆ ಬೀಜವಿತ್ತು.

ವ್ಯವಸ್ಥಾಪಕರು ಕೇಂದ್ರ ಕಚೇರಿಗೆ ಫೋನು ಹಚ್ಚಿದರು. ಅಲ್ಲಿಯವರು ನಿಯಮ ಓದಿ ಹೇಳಿದರು. ಯಂತ್ರ ಯಾರನ್ನೂ ಗುರುತಿಸದಿದ್ದರೆ ಕೆಟ್ಟಿದೆ ಎಂದರ್ಥ. ಜೀಪನ್ನು ಈಗಲೇ ತಿರುಗಿಸಿ, ಹಳೆಯ ಬೀಗವನ್ನೇ ಹಾಕಿಸುತ್ತಾರೆ. ಒಬ್ಬರನ್ನಾದರೂ ಗುರುತಿಸಿದರೆ ಯಂತ್ರ ಸರಿಯಿದೆ. ಆಗ ಉಳಿದವರು ಹೊಸ ಫೋಟೋಗೆ ಅರ್ಜಿ ಹಾಕಿ ನಲವತ್ತು ದಿನ ಕಾಯಬೇಕು. ಅಲ್ಲಿಯವರೆಗೆ ಬಾಗಿಲು ತೆಗೆಯುವ ಹೊಣೆ ಆ ಒಬ್ಬರದು.

ಎಲ್ಲರೂ ಗುಮಾಸ್ತನ ಕಡೆ ತಿರುಗಿದರು. ಅವನು ಆಗಲೇ ಚೀಲ ಹೆಗಲಿಗೇರಿಸಿ ನಿಂತಿದ್ದ. ನಲವತ್ತು ದಿನ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಅವನ ಬುದ್ಧಿ ಜನ್ಮದಲ್ಲಿ ಎಂದೂ ಓಡದಷ್ಟು ವೇಗವಾಗಿ ಓಡಿತ್ತು. ಕೂದಲಿಗೆ ನೀರು ಹಚ್ಚಿ ಬಾಚಿಕೊಂಡ. ಯಂತ್ರದ ಮುಂದೆ ಹೋಗಿ ಹುಬ್ಬು ಇಳಿಸಿ, ಹಲ್ಲು ಕಚ್ಚಿ, ತುಟಿಗಳನ್ನು ಮೂಟೆಯ ಬಾಯಿ ಹೊಲಿದಂತೆ ಬಿಗಿದು ನಿಂತ.

ಕೆಂಪು ದೀಪ. ಗುರುತು ಸಿಗಲಿಲ್ಲ.

"ಹೋಗ್ಲಿ, ಯಂತ್ರವೇ ಕೆಟ್ಟಿದೆ," ಎಂದು ವ್ಯವಸ್ಥಾಪಕರು ನಿಟ್ಟುಸಿರಿಟ್ಟು, ಜೀಪು ತಿರುಗಿಸಲು ಹೇಳಿದರು. ಗುಮಾಸ್ತನ ಬೆನ್ನು ತಟ್ಟಿ, ರೈಲಿಗೆ ಹೊತ್ತಾಯಿತು, ಹೊರಡಿ ಎಂದರು. ಮೇಡಂ ಮಗುವಿಗೆಂದು ಐವತ್ತರ ನೋಟೊಂದನ್ನು ಅವನ ಜೇಬಿಗೆ ತುರುಕಿದರು. ಗುಮಾಸ್ತ ತುಟಿ ಬಿಚ್ಚದೆ ಎಲ್ಲರಿಗೂ ತಲೆಯಾಡಿಸಿದ.

ಆಗ ಮೊಬೈಲ್ ಬಡಿದುಕೊಂಡಿತು. ಹೆಂಡತಿ. ರಸ್ತೆಯಲ್ಲಿ ಲಾರಿಯೊಂದು ಗುಡುಗಿಕೊಂಡು ಹೋಗುತ್ತಿದ್ದುದರಿಂದ ಅವನು ಒಂದು ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ.

"ರೀ, ಕೇಳಿಸ್ತಿದ್ಯಾ? ಹೊರಟ್ರಾ? ಮಗು ಈಗ ನಕ್ತು ಕಣ್ರೀ. ನಿದ್ದೇಲಿ ಅಲ್ಲ, ಕಣ್ಣು ಬಿಟ್ಕೊಂಡು, ನನ್ನೇ ನೋಡಿ ನಕ್ತು."

ಗುಮಾಸ್ತನ ಹುಬ್ಬುಗಳು ಮೇಲೇರಿದವು. ಬಾಯಿ ತಾನಾಗಿಯೇ ತೆರೆಯಿತು, ತೆರೆದೇ ಉಳಿಯಿತು.

ಅವನ ಮೂಗಿನ ಮುಂದೆ ಹಸಿರು ದೀಪ ಹೊತ್ತಿಕೊಂಡಿತು. "ಸ್ವಾಗತ," ಎಂದಿತು ಯಂತ್ರ. ಬಾಗಿಲು ಮೆಲ್ಲಗೆ, ಮರ್ಯಾದೆಯಿಂದ ತೆರೆದುಕೊಂಡಿತು.

ಹೆಂಡತಿ ಆ ಕಡೆಯಿಂದ ಹಲೋ ಹಲೋ ಎನ್ನುತ್ತಲೇ ಇದ್ದಳು. ವ್ಯವಸ್ಥಾಪಕರು ಹತ್ತಿರ ಬಂದು, ಗುಮಾಸ್ತನ ಹೆಗಲಿನಿಂದ ಚೀಲವನ್ನು ನಾಜೂಕಾಗಿ ಇಳಿಸಿ, ಬಾಗಿಲಿನೊಳಗೆ ಇಟ್ಟರು. ತೂಕದವನು ಓಡಿಬಂದು ಅವನ ಗಲ್ಲದ ಕೆಳಗೆ ಕೈ ಕೊಟ್ಟ.

"ಹಂಗೇ ಇರು ಚೀಟಿಯಣ್ಣ, ಬಾಯಿ ಮುಚ್ಚಬೇಡ. ನಾವೆಲ್ಲ ಒಳಗೆ ಹೋಗ್ಬಿಡ್ತೀವಿ."